ಸ್ಕ್ಯಾನ್ ಆಯ್ತು, ಮೇಲ್ ಹೋಗಲಿಲ್ಲ: ಸ್ವಂತ ಮೇಲ್ ಸರ್ವರ್ ಇಲ್ಲದ ಆಫೀಸಿನಲ್ಲಿ ತಪ್ಪು ಹುಡುಕುವುದು ಹೇಗೆ

ಜುಲೈ ಕೊನೆಯ ವಾರ. ದಾವಣಗೆರೆಯ ಒಂದು ಆಡಿಟರ್ ಆಫೀಸು. ರಿಟರ್ನ್ ತುಂಬಿಸಲು ಬಂದವರ ಚಪ್ಪಲಿಗಳು ಮೆಟ್ಟಿಲಿನವರೆಗೂ ಇವೆ. ಮೂಲೆಯಲ್ಲಿರುವ ದೊಡ್ಡ ಜೆರಾಕ್ಸ್ ಮಷೀನು ಕಾಗದ ಎಳೆದುಕೊಳ್ಳುತ್ತದೆ, ಒಳಗೆ ದೀಪ ಓಡುತ್ತದೆ, ಸ್ಕ್ಯಾನ್ ಆಗುತ್ತದೆ. ಆಮೇಲೆ ಪರದೆಯ ಮೇಲೆ ಒಂದೇ ಸಾಲು: ಕಳಿಸಲು ಆಗಲಿಲ್ಲ.

"ನೋಡ್ರಿ ಸರ್, ಶುಕ್ರವಾರದ ತನಕ ಹೋಗ್ತಿತ್ತು. ನಾವೇನೂ ಮುಟ್ಟಿಲ್ಲ" ಅಂದರು ಅಲ್ಲಿಯ ಮೇಡಂ.

ಈ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಇಂಥ ಮಷೀನುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಸೋಮವಾರ ಬೆಳಿಗ್ಗೆ ಮೇಲ್ ಹೋಗದಿದ್ದಾಗ ಏನು ಮಾಡಿದಿರಿ ಎಂದು ಕೇಳಿದೆ. "ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿದ್ವಿ. ಆಗ್ಲಿಲ್ಲ. ಮತ್ತೊಂದ್ಸಲ ಬದಲಾಯಿಸಿದ್ವಿ." ಅಲ್ಲಿಗೆ ಒಂದಿದ್ದ ತಪ್ಪು ಎರಡಾಗಿತ್ತು. ಮೊದಲನೆಯ ತಪ್ಪಿಗೂ ಪಾಸ್‌ವರ್ಡಿಗೂ ಸಂಬಂಧವೇ ಇರಲಿಲ್ಲ. ಅದೇನೆಂದು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಒಂದು ಮಾತು: ಸರ್ವರ್ ಏನು ಉತ್ತರ ಕೊಟ್ಟಿತು ಎಂದು ಓದುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಟಪಾಲು ಯಾವ ದಾರಿಯಲ್ಲಿ ಹೋಗುತ್ತಿದೆ?

ಆಫೀಸಿನಲ್ಲಿ ಸ್ವಂತ ಮೇಲ್ ಸರ್ವರ್ ಇಲ್ಲ ಎಂದರೆ ಮಷೀನು ಬೇರೆಯವರ ಸರ್ವರಿನ ಬಾಗಿಲು ತಟ್ಟಲೇಬೇಕು. ಅದಕ್ಕೆ ಮೂರು ದಾರಿಗಳಿವೆ. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಇವುಗಳ ಕಲಸುಮೇಲೋಗರದಿಂದಲೇ ಆದವು. ಒಂದು ದಾರಿಯ ಸರ್ವರ್ ಹೆಸರು, ಇನ್ನೊಂದರ ಪೋರ್ಟು (ಸರ್ವರಿನ ಬಾಗಿಲಿನ ನಂಬರು), ಮೂರನೆಯದರ ಪಾಸ್‌ವರ್ಡು.

ಒಂದನೆಯ ದಾರಿ, ಲಾಗಿನ್ ಆಗಿ ಕಳಿಸುವುದು. ಮಷೀನಿಗೆ ಒಂದು ಮೇಲ್ ಖಾತೆ ಕೊಡುತ್ತೀರಿ. ಅದು ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್‌ಗೋ ಎಸ್‌ಎಂಟಿಪಿ ಡಾಟ್ ಆಫೀಸ್365 ಡಾಟ್ ಕಾಮ್‌ಗೋ ಹೋಗಿ, ಹೆಸರು, ಪಾಸ್‌ವರ್ಡು ಹೇಳಿ ಪತ್ರ ಕೊಟ್ಟು ಬರುತ್ತದೆ. ಪೋರ್ಟು ಸಾಮಾನ್ಯವಾಗಿ 587. ಜಿಮೇಲಿಗೆ 465 ಕೂಡ ನಡೆಯುತ್ತದೆ. ಇಲ್ಲಿಂದ ಯಾವ ವಿಳಾಸಕ್ಕಾದರೂ ಪತ್ರ ಹೋಗುತ್ತದೆ.

ಎರಡನೆಯದು, ಲಾಗಿನ್ ಇಲ್ಲದೆ ಪಡೆಯುವವರ ಸರ್ವರಿಗೇ ನೇರವಾಗಿ ಹೋಗಿ ಕೊಡುವುದು. ಪೋರ್ಟು 25. ಪ್ರತಿ ಡೊಮೈನಿಗೂ (ಮೇಲ್ ವಿಳಾಸದಲ್ಲಿ @ ಆದಮೇಲಿನ ಹೆಸರು) ಟಪಾಲು ಇಳಿಸುವ ಸರ್ವರ್ ಯಾವುದು ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರು-ವಿಳಾಸ ಪುಸ್ತಕದಲ್ಲಿ, ಎಂಎಕ್ಸ್ ದಾಖಲೆ ಇರುತ್ತದೆ. ನಿಮ್ಮ ಆಫೀಸಿನ ಮೇಲ್ ಮೈಕ್ರೋಸಾಫ್ಟ್ 365ರಲ್ಲಿದ್ದರೆ ಆ ಹೆಸರು ಮೇಲ್ ಡಾಟ್ ಪ್ರೊಟೆಕ್ಷನ್ ಡಾಟ್ ಔಟ್‌ಲುಕ್ ಡಾಟ್ ಕಾಮ್ ಎಂದು ಮುಗಿಯುವುದು ಸಾಮಾನ್ಯ. ಅದನ್ನೇ ಮಷೀನಿನಲ್ಲಿ ತುಂಬಿಸುತ್ತಾರೆ. ಪಾಸ್‌ವರ್ಡಿನ ತಲೆನೋವಿಲ್ಲ. ಆದರೆ ಆ ಸರ್ವರ್ ತನ್ನ ಮನೆಯವರ ಟಪಾಲನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪಕ್ಕದ ಮನೆಯದನ್ನು ಕೊಟ್ಟರೆ ವಾಪಸ್ಸು.

ಮೂರನೆಯದು ರಿಲೇ. ಪಾಸ್‌ವರ್ಡಿನ ಬದಲು ನಿಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸವನ್ನೇ ಗುರುತು ಹಿಡಿದು ಟಪಾಲು ತೆಗೆದುಕೊಳ್ಳುವ ಸರ್ವರ್. ಗೂಗಲ್ ವರ್ಕ್‌ಸ್ಪೇಸ್ ಇದ್ದವರಿಗೆ ಎಸ್‌ಎಂಟಿಪಿ-ರಿಲೇ ಡಾಟ್ ಜಿಮೇಲ್ ಡಾಟ್ ಕಾಮ್ ಇದೆ. ಮೊದಲು ಅಡ್ಮಿನ್ ಪುಟದಲ್ಲಿ ನಿಮ್ಮ ಐಪಿ ಬರೆಸಿರಬೇಕು. ಐಪಿ ದಿನಕ್ಕೊಂದು ಬದಲಾಗುವ ಬ್ರಾಡ್‌ಬ್ಯಾಂಡಿನಲ್ಲಿ ಇದು ನಡೆಯುವುದಿಲ್ಲ. ಸ್ಟ್ಯಾಟಿಕ್ ಐಪಿ ಬೇಕು.

ಮಷೀನಿನ ವೆಬ್ ಪುಟ ತೆರೆದು ನಿಮ್ಮದು ಇದರಲ್ಲಿ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಪುಟ ಸಿಗುವುದು ಸುಲಭ. ಮಷೀನಿನ ಐಪಿಯನ್ನು ಬ್ರೌಸರಿನಲ್ಲಿ ಹೊಡೆದರೆ ಆಯಿತು. ಮಷೀನಿನ ಪುಟ್ಟ ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತುವುದಕ್ಕಿಂತ ಇದು ಎಷ್ಟೋ ವಾಸಿ. ಪಾಸ್‌ವರ್ಡಿನಲ್ಲಿ ಸೊನ್ನೆಗೂ ಓ ಅಕ್ಷರಕ್ಕೂ ಆಗುವ ಗಲಾಟೆಯೂ ಇರುವುದಿಲ್ಲ.

ಮಷೀನು ಹೊರಗೆ ಹೋಗುತ್ತಿದೆಯೇ?

"ಪ್ರಿಂಟ್ ಬರುತ್ತೆ ಸರ್, ನೆಟ್‌ವರ್ಕ್ ಸರಿ ಇದೆ" ಅನ್ನುತ್ತಾರೆ. ಪ್ರಿಂಟ್ ಬಂದರೆ ಕಂಪ್ಯೂಟರಿನಿಂದ ಮಷೀನಿನವರೆಗಿನ ದಾರಿ ಸರಿ ಇದೆ ಎಂದಷ್ಟೇ ಅರ್ಥ. ಅದು ಮನೆಯೊಳಗಿನ ಓಡಾಟ. ಮೇಲ್ ಹೋಗಬೇಕಾದರೆ ಹೊಸಿಲು ದಾಟಬೇಕು. ಅದಕ್ಕೆ ಗೇಟ್‌ವೇ (ಹೊರಗೆ ಬಿಡುವ ರೂಟರಿನ ವಿಳಾಸ) ಬೇಕು, ಡಿಎನ್‌ಎಸ್ ಬೇಕು.

ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬ್ರಾಡ್‌ಬ್ಯಾಂಡ್ ಕಂಪನಿ ಬದಲಾಯಿಸಿದ್ದರು. ಹಳೆಯ ರೂಟರಿನ ವಿಳಾಸ 192.168.1.1, ಹೊಸದರದ್ದು 192.168.1.254. ಕಂಪ್ಯೂಟರುಗಳೆಲ್ಲ ತಾವಾಗಿಯೇ ಹೊಸ ವಿಳಾಸ ಹಿಡಿದವು. ಮಷೀನಿಗೆ ಮಾತ್ರ ಹಿಂದೆ ಯಾರೋ ಕೈಯಿಂದ ಐಪಿ ತುಂಬಿಸಿದ್ದರು. ಅದು ಇಲ್ಲದ ಬಾಗಿಲನ್ನೇ ತಟ್ಟುತ್ತ ಕೂತಿತ್ತು. ಪ್ರಿಂಟ್ ಮಾತ್ರ ಜುಮ್ಮೆಂದು ಬರುತ್ತಿತ್ತು. ಗೇಟ್‌ವೇ ವಿಳಾಸ ತಿದ್ದಿದ ಮೇಲೆ ಇಮೇಲ್ ಕೂಡ ಹೋಯಿತು. ಗೇಟ್‌ವೇ ಸರಿ ಇದ್ದೂ ಡಿಎನ್‌ಎಸ್ ಜಾಗದಲ್ಲಿ ಬರೀ 0.0.0.0 ಇರುವ ಮಷೀನುಗಳನ್ನೂ ನೋಡಿದ್ದೇನೆ. ಸರ್ವರಿನ ಹೆಸರು ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಮೊದಲು ಅಲ್ಲಿಗೆ ಹೋಗಿ. ಪರೀಕ್ಷೆಗೆ ಗೂಗಲಿನ ಡಿಎನ್‌ಎಸ್ 8.8.8.8 ಹಾಕಿ ನೋಡಬಹುದು.

ಇಷ್ಟೂ ಸರಿ ಇದ್ದರೆ ಅದೇ ನೆಟ್‌ವರ್ಕಿನ ಒಂದು ಕಂಪ್ಯೂಟರಿನಿಂದ ಟೆಲ್ನೆಟ್ (ಸರ್ವರಿನ ಜೊತೆ ಅಕ್ಷರ ಬರೆದು ಮಾತಾಡುವ ಪ್ರೋಗ್ರಾಂ) ಬಳಸಿ ಅದೇ ಸರ್ವರಿನ ಅದೇ ಪೋರ್ಟಿಗೆ ಹೋಗಿ. ವಿಂಡೋಸಿನಲ್ಲಿ ಟೆಲ್ನೆಟ್ ಮೊದಲಿಗೆ ಆಫ್ ಆಗಿರುತ್ತದೆ, ವಿಂಡೋಸ್ ಫೀಚರುಗಳ ಪಟ್ಟಿಯಲ್ಲಿ ಟಿಕ್ ಹಾಕಬೇಕು. 587ಕ್ಕೋ 25ಕ್ಕೋ ಹೋದಾಗ 220 ಎಂದು ಶುರುವಾಗುವ ಸಾಲು ಬಂದರೆ ಬಾಗಿಲು ತೆರೆದಿದೆ. ಕಪ್ಪು ಪರದೆ ಸುಮ್ನೆ ಕೂತು ಕೊನೆಗೆ ಕೈಕೊಟ್ಟರೆ ನಡುವೆ ಯಾರೋ ತಡೆಯುತ್ತಿದ್ದಾರೆ. 465ಕ್ಕೆ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ಸರ್ವರ್ ತಾನಾಗಿ ಮಾತಾಡುವುದಿಲ್ಲ.

ಎರಡನೆಯ ದಾರಿಯವರಿಗೆ ಇಲ್ಲೇ ಕಲ್ಲು ಸಿಗುತ್ತದೆ. ಸ್ಪ್ಯಾಮ್ ಕಾಟದಿಂದ ಬಹಳಷ್ಟು ಇಂಟರ್ನೆಟ್ ಕಂಪನಿಗಳು ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ಹೊರಹೋಗುವ ಪೋರ್ಟ್ 25ನ್ನು ಮುಚ್ಚಿರುತ್ತವೆ. ಗಂಟೆಗಟ್ಟಲೆ ಮಷೀನಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಸ್ಟ್ಯಾಟಿಕ್ ಐಪಿ ತೆಗೆದುಕೊಂಡು 25 ತೆರೆಯಲು ಕೇಳಬೇಕು, ಇಲ್ಲವೇ ದಾರಿ ಬದಲಾಯಿಸಿ 587ಕ್ಕೆ ಬರಬೇಕು. ನನ್ನನ್ನು ಕೇಳಿದರೆ 587ಕ್ಕೆ ಬರುವುದೇ ಸರಿ.

ಸರ್ವರ್ ಕೊಡುವ ನಂಬರು

ಮಷೀನಿನ ಪರದೆ ಜಾಣ ಕಿವುಡನ ಹಾಗೆ. ಎಲ್ಲಕ್ಕೂ ಒಂದೇ ಮಾತು, ಕಳಿಸಲು ಆಗಲಿಲ್ಲ. ನಿಜವಾದ ಉತ್ತರ ಜಾಬ್ ಲಾಗ್ ಪಟ್ಟಿಯಲ್ಲೋ ಮಷೀನು ಪ್ರಿಂಟ್ ಮಾಡುವ ಟ್ರಾನ್ಸ್‌ಮಿಷನ್ ರಿಪೋರ್ಟಿನಲ್ಲೋ ಇರುತ್ತದೆ. ಅಲ್ಲಿ ಮೂರಂಕಿಯ ಒಂದು ಸಂಖ್ಯೆ ಹುಡುಕಿ. ಎರಡರಿಂದ ಶುರುವಾದರೆ ಸರಿ. ನಾಲ್ಕರಿಂದ ಶುರುವಾದರೆ ಈಗ ಬೇಡ, ಆಮೇಲೆ ಬಾ. ಐದರಿಂದ ಶುರುವಾದರೆ ಎಷ್ಟು ಸಲ ಬಂದರೂ ಅಷ್ಟೇ. ಎಸ್‌ಎಂಟಿಪಿಯ, ಅಂದರೆ ಮೇಲ್ ಕಳಿಸುವ ಪದ್ಧತಿಯ, 1982ರ ನಿಯಮಾವಳಿಯಲ್ಲೇ ಇದ್ದ ಕ್ರಮ ಇದು, ಇವತ್ತಿಗೂ ನಡೆದುಬಂದಿದೆ.

ಮಷೀನು ನಂಬರು ತೋರಿಸದಿದ್ದರೆ ಅದರ ವೇಷ ನೀವೇ ಹಾಕಬಹುದು. ಎರಡನೆಯ ದಾರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಟೆಲ್ನೆಟ್‌ನಲ್ಲಿ ಪೋರ್ಟ್ 25ಕ್ಕೆ ಹೋಗಿ, 220 ಬಂದ ಮೇಲೆ ಇಎಚ್‌ಎಲ್‌ಒ ಎಂದು ಬರೆದು ಒಂದು ಹೆಸರು ಹೇಳಿ. 250 ಬರುತ್ತದೆ. ಮೇಲ್ ಫ್ರಮ್ ಎಂದು ಕಳಿಸುವವರ ವಿಳಾಸ ಕೊಡಿ. 250. ಆರ್‌ಸಿಪಿಟಿ ಟು ಎಂದು ಪಡೆಯುವವರ ವಿಳಾಸ ಕೊಡಿ. ಹೊರಗಿನವರ ವಿಳಾಸವಾದರೆ ಇಲ್ಲೇ 550 ಎಂದು ಬಾಗಿಲು ಬೀಳುತ್ತದೆ. ದಾಟಿದರೆ ಡೇಟಾ ಎನ್ನಿ, 354 ಬರುತ್ತದೆ, ಇನ್ನು ಪತ್ರ ಬರೆಯಿರಿ ಎಂದರ್ಥ. ನಾಲ್ಕು ಮಾತು ಬರೆದು, ಹೊಸ ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಟ್ಟು ಎಂಟರ್ ಹೊಡೆಯಿರಿ. ಕೊನೆಗೆ 250 ಬಂದರೆ ಪತ್ರವನ್ನು ಅವರು ತೆಗೆದುಕೊಂಡರು ಎಂದರ್ಥ. ಕೆಲವು ಸರ್ವರುಗಳು ಪತ್ರ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಬೇಡ ಎನ್ನುತ್ತವೆ. ಹಾಗಾಗಿ ಚುಕ್ಕಿಯವರೆಗೂ ಹೋಗಿ.

ನಾನು ಜಾಸ್ತಿ ನೋಡುವುದು 535. ಅದರ ಜೊತೆ 5.7.8 ಎಂದಿದ್ದರೆ ಜಿಮೇಲ್ ನಿಮ್ಮ ಹೆಸರನ್ನೋ ಪಾಸ್‌ವರ್ಡನ್ನೋ ಒಪ್ಪಲಿಲ್ಲ. 534 5.7.9 ಎಂದಿದ್ದರೆ ಆ್ಯಪ್ ಪಾಸ್‌ವರ್ಡ್ (ಇಂಥ ಮಷೀನುಗಳಿಗೆಂದು ಗೂಗಲ್ ಬೇರೆಯಾಗಿ ಮಾಡಿಕೊಡುವ ಪಾಸ್‌ವರ್ಡ್) ಬೇಕು ಎಂದು ಅದೇ ಬಾಯಿಬಿಟ್ಟು ಹೇಳುತ್ತಿದೆ. 2022ರ ಮೇ 30ರಿಂದ ಸಾಮಾನ್ಯ ಜಿಮೇಲ್ ಖಾತೆಗಳಲ್ಲಿ ಮಾಮೂಲಿ ಪಾಸ್‌ವರ್ಡು ಹಾಕಿ ಮಷೀನಿನಿಂದ ಒಳಗೆ ಹೋಗುವುದು ನಿಂತುಹೋಯಿತು. ಈಗ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಸಿ, ಅದನ್ನು ಮಷೀನಿಗೆ ಕೊಡಬೇಕು. ಪರದೆಯಲ್ಲಿ ಅದು ನಾಲ್ಕು ನಾಲ್ಕು ಅಕ್ಷರವಾಗಿ ಬಿಡಿಬಿಡಿಯಾಗಿ ಕಾಣುತ್ತದೆ. ಮಷೀನಿಗೆ ಹಾಕುವಾಗ ನಡುವಿನ ಜಾಗ ತೆಗೆದುಬಿಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಹಿಂದೆ ಮಾಡಿಸಿದ ಆ್ಯಪ್ ಪಾಸ್‌ವರ್ಡುಗಳೆಲ್ಲ ರದ್ದಾಗುತ್ತವೆ. ಆಡಿಟರ್ ಆಫೀಸಿನ ಎರಡನೆಯ ತಪ್ಪು ಇದೇ. ರಿಪೇರಿ ಮಾಡಲು ಹೋಗಿ ಸರಿ ಇದ್ದ ಬೀಗದ ಕೈಯನ್ನೂ ಮುರಿದಿದ್ದರು.

ಮೈಕ್ರೋಸಾಫ್ಟ್ 365ರಲ್ಲಿ 535 5.7.139 ಬಂದರೆ ಪಾಸ್‌ವರ್ಡು ಸರಿ ಇದ್ದರೂ ಇರಬಹುದು. ಇಡೀ ಸಂಸ್ಥೆಗೋ ಆ ಖಾತೆಗೋ ಎಸ್‌ಎಂಟಿಪಿ ಲಾಗಿನ್ ಆಫ್ ಆಗಿದೆಯೇ ನೋಡಿ. ಅಡ್ಮಿನ್ ಪುಟದಲ್ಲಿ ಅದನ್ನು ಆನ್ ಮಾಡಬೇಕು. ಪಾಸ್‌ವರ್ಡು ಮಾತ್ರ ನೆಚ್ಚಿಕೊಂಡ ಈ ಪದ್ಧತಿಯನ್ನೇ ಮೈಕ್ರೋಸಾಫ್ಟ್ ಹಂತಹಂತವಾಗಿ ಮುಚ್ಚುತ್ತಿದೆ. ಹೊಸ ಮಷೀನು ಕೊಳ್ಳುವವರು ಅದರಲ್ಲಿ ಓಆಥ್ (ಪಾಸ್‌ವರ್ಡನ್ನೇ ಕೊಡದೆ ಲಾಗಿನ್ ಆಗುವ ಪದ್ಧತಿ) ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಿ. 550 5.7.60 ಬಂದರೆ ಲಾಗಿನ್ ಆದ ಖಾತೆ ಒಂದು, ಕಳಿಸುವವರ ಜಾಗದಲ್ಲಿ ಬರೆದ ವಿಳಾಸ ಇನ್ನೊಂದು. ಎರಡನ್ನೂ ಒಂದೇ ಮಾಡಿ.

530 5.7.0 ಬಂದರೆ ಸ್ಟಾರ್ಟ್‌ಟಿಎಲ್‌ಎಸ್ (ಮಾತು ಶುರುವಾದ ಮೇಲೆ ಅದನ್ನು ಗುಪ್ತ ಮಾಡುವ ಸೆಟ್ಟಿಂಗ್) ಆನ್ ಆಗಿಲ್ಲದಿರಬಹುದು. ಇದಕ್ಕೆ ಅಂಟಿಕೊಂಡೇ ಇನ್ನೊಂದು ತಪ್ಪಿದೆ, ಅದಕ್ಕೆ ನಂಬರೇ ಬರುವುದಿಲ್ಲ. 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್, 465ಕ್ಕೆ ಮೊದಲಿಂದಲೇ ಗುಪ್ತವಾದ ಎಸ್‌ಎಸ್‌ಎಲ್. 465 ಹಾಕಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದರೆ ಮಷೀನು ಸರ್ವರಿನ 220ಕ್ಕೆ ಕಾಯುತ್ತದೆ, ಸರ್ವರ್ ಮಷೀನೇ ಗುಪ್ತ ಮಾತು ಶುರುಮಾಡಲಿ ಎಂದು ಕಾಯುತ್ತದೆ. ಫೋನ್ ಎತ್ತಿ ಇಬ್ಬರೂ ಹಲೋ ಅನ್ನದೆ ಕೂತ ಹಾಗೆ. ಒಂದೆರಡು ನಿಮಿಷದ ನಂತರ ಟೈಮ್‌ಔಟ್. ಜನ ಇದನ್ನು ಇಂಟರ್ನೆಟ್ ನಿಧಾನ ಎಂದುಕೊಳ್ಳುತ್ತಾರೆ.

ನೇರ ದಾರಿಯ ನಿರಾಕರಣೆಗಳು

ಎರಡನೆಯ ದಾರಿಯಲ್ಲಿ ಬೈಗುಳ ಬೇರೆ ಥರ. ಆಫೀಸಿನವರಿಗೆ ಮೇಲ್ ಹೋಗುತ್ತದೆ, ಗಿರಾಕಿಗಳಿಗೆ ಹೋಗುವುದಿಲ್ಲ, ನಂಬರು 550 5.7.54. ಇದು ದೋಷವೇ ಅಲ್ಲ. ನಿಮ್ಮ ಡೊಮೈನಿನ ಸರ್ವರ್ ಬೇರೆ ಡೊಮೈನಿಗೆ ಟಪಾಲು ಹೊರುವುದಿಲ್ಲ ಎನ್ನುತ್ತಿದೆ, ಅದು ಸರಿಯಾಗಿಯೇ ಇದೆ. ಹೊರಗಿನವರಿಗೂ ಕಳಿಸಬೇಕಾದರೆ ಒಂದನೆಯ ಅಥವಾ ಮೂರನೆಯ ದಾರಿ ಹಿಡಿಯಿರಿ.

ಆಫೀಸಿನ ಒಳಗೂ ಇದ್ದಕ್ಕಿದ್ದಂತೆ ಹೋಗುವುದು ನಿಂತು 550 5.7.68 ಬಂದರೆ ಅಡ್ಮಿನ್‌ರನ್ನು ಕೇಳಿ. 2025ರಲ್ಲಿ ವಂಚಕರು ಇದೇ ನೇರ ದಾರಿ ಹಿಡಿದು, ಆಫೀಸಿನವರದ್ದೇ ವಿಳಾಸ ಹಾಕಿಕೊಂಡು ನಕಲಿ ಮೇಲ್ ಕಳಿಸತೊಡಗಿದರು. ಮೈಕ್ರೋಸಾಫ್ಟ್ ಆ ದಾರಿಯನ್ನೇ ಮುಚ್ಚುವ ಒಂದು ಸ್ವಿಚ್ಚು ಕೊಟ್ಟಿದೆ. ಅಡ್ಮಿನ್ ಅದನ್ನು ಒತ್ತಿದರೆ ಕಳ್ಳನ ಜೊತೆ ನಿಮ್ಮ ಮಷೀನೂ ಹೊರಗೆ. ಸ್ವಿಚ್ಚನ್ನು ವಾಪಸ್ ತೆಗೆಸಬೇಡಿ. ನಿಮ್ಮ ಸ್ಟ್ಯಾಟಿಕ್ ಐಪಿಗೆ ಒಂದು ಕನೆಕ್ಟರ್ (ಈ ಐಪಿಯಿಂದ ಬಂದದ್ದನ್ನು ಒಳಗೆ ಬಿಡು ಎಂಬ ನಿಯಮ) ಮಾಡಿಸಿಕೊಳ್ಳಿ.

ಜಿಮೇಲ್ ಕಡೆಗೆ ನೇರವಾಗಿ ಹೋದರೆ 550 5.7.1 ಬಂದು, ಈ ಐಪಿಯಿಂದ ನೇರವಾಗಿ ಕಳಿಸುವಂತಿಲ್ಲ, ನಿಮ್ಮ ಕಂಪನಿಯ ರಿಲೇ ಬಳಸಿ ಎಂಬ ಅರ್ಥದ ಸಾಲು ಕಾಣಬಹುದು. 5.7.25 ಇದ್ದರೆ ಐಪಿಗೆ ಪಿಟಿಆರ್ ದಾಖಲೆ (ಈ ಐಪಿಯ ಹೆಸರೇನು ಎಂದು ಡಿಎನ್‌ಎಸ್‌ನಲ್ಲಿ ಹೇಳುವ ದಾಖಲೆ) ಇಲ್ಲ. 5.7.26 ಇದ್ದರೆ ಎಸ್‌ಪಿಎಫ್ ಅಥವಾ ಡಿಕಿಮ್ (ಪತ್ರದ ಮೇಲಿನ ಡಿಜಿಟಲ್ ಸಹಿ) ಹೊಂದುತ್ತಿಲ್ಲ. ಎಸ್‌ಪಿಎಫ್ ಎಂದರೆ ನಮ್ಮ ಹೆಸರಿನಲ್ಲಿ ಟಪಾಲು ತರಲು ಯಾರಿಗೆ ಅನುಮತಿ ಇದೆ ಎಂದು ಡಿಎನ್‌ಎಸ್‌ನಲ್ಲಿ ಬರೆದಿಡುವ ಪಟ್ಟಿ. ನಿಮ್ಮ ಬ್ರಾಡ್‌ಬ್ಯಾಂಡಿನ ಐಪಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮಷೀನು ಅಪರಿಚಿತನೇ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ. ಬಹಳಷ್ಟು ಫೈಬರ್ ಸಂಪರ್ಕಗಳಲ್ಲಿ ಒಂದೇ ಐಪಿಯನ್ನು ಹತ್ತಾರು ಮನೆಗಳು ಹಂಚಿಕೊಂಡಿರುತ್ತವೆ. ಅದನ್ನು ಎಸ್‌ಪಿಎಫ್‌ನಲ್ಲಿ ಸೇರಿಸಿದರೆ ಬೀದಿಗೆಲ್ಲ ನಿಮ್ಮ ಲೆಟರ್‌ಹೆಡ್ ಹಂಚಿದ ಹಾಗೆ, ಅಲ್ವಾ?

ನಾಲ್ಕರಿಂದ ಶುರುವಾಗುವ ಉತ್ತರ ಇಲ್ಲಿ ಇನ್ನೊಂದು ತಮಾಷೆ ಮಾಡುತ್ತದೆ. ಕೆಲವು ಸರ್ವರುಗಳು ಹೊಸಬರನ್ನು ಮೊದಲ ಸಲ ಬೇಕೆಂದೇ 450 ಅಥವಾ 451 ಹೇಳಿ ವಾಪಸ್ ಕಳಿಸುತ್ತವೆ. ನಿಜವಾದ ಮೇಲ್ ಸರ್ವರಾದರೆ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗುತ್ತದೆ, ಬೇಕಿದ್ದರೆ ನಾಲ್ಕೈದು ದಿನ ಓಡಾಡುತ್ತದೆ. ಮಷೀನಿಗೆ ಅಷ್ಟು ತಾಳ್ಮೆ ಇಲ್ಲ. ಎರಡು ಮೂರು ಸಲ ತಟ್ಟಿ ಕೈಬಿಡುತ್ತದೆ. ಮರುಪ್ರಯತ್ನದ ಅಂತರ ಹೆಚ್ಚಿಸುವ ಸೆಟ್ಟಿಂಗ್ ಇದ್ದರೆ ಐದು ನಿಮಿಷಕ್ಕೆ ಇಡಿ.

ಗಾತ್ರ

ಒಂದು ಹಾಳೆ ಹೋಗುತ್ತದೆ, ನಲವತ್ತು ಹಾಳೆ ಹೋಗುವುದಿಲ್ಲ ಎಂದರೆ ನಂಬರು 552 ಇರುತ್ತದೆ, ಅಥವಾ ಮಷೀನೇ ತನ್ನ ಮಿತಿ ಮೀರಿತು ಎನ್ನುತ್ತದೆ. ಜಿಮೇಲಿನ ಮಿತಿ 25 ಎಂಬಿ. ಆದರೆ ಮೇಲಿಗೆ ಅಂಟಿಸುವಾಗ ಫೈಲಿನ ಮೂರು ಬೈಟು ನಾಲ್ಕಾಗುತ್ತವೆ. ಹಾಗಾಗಿ 18 ಎಂಬಿ ದಾಟಿದರೆ ನೆಚ್ಚಬೇಡಿ. 600 ಡಿಪಿಐ ಕಲರ್ ಬೇಕಾಗುವುದು ಫೋಟೋಗೆ. ಪಹಣಿ, ಬಿಲ್ಲು, ಕರಾರು ಪತ್ರಕ್ಕೆ 200 ಅಥವಾ 300 ಡಿಪಿಐ ಕಪ್ಪು-ಬಿಳುಪು ಸಾಕು. 300ರಿಂದ 600ಕ್ಕೆ ಏರಿಸಿದರೆ ಚುಕ್ಕಿಗಳು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತವೆ. ದೊಡ್ಡ ಮೇಲನ್ನು ತುಂಡು ಮಾಡಿ ಕಳಿಸುವ ಸೌಲಭ್ಯ ಕೆಲವು ಮಷೀನುಗಳಲ್ಲಿದೆ. ಆನ್ ಮಾಡಬೇಡಿ, ಪಡೆದವರಿಗೆ ತುಂಡುಗಳನ್ನು ಜೋಡಿಸಲು ಬರುವುದಿಲ್ಲ.

ಹೋಯಿತು ಎನ್ನುತ್ತದೆ, ಬರಲಿಲ್ಲ

ಲಾಗ್ ಪಟ್ಟಿಯಲ್ಲಿ 250 ಇದ್ದರೆ ಮಷೀನಿನ ಕೆಲಸ ಮುಗಿಯಿತು. ಆಮೇಲೆ ಸ್ಪ್ಯಾಮ್ ಡಬ್ಬಿ ನೋಡಿ. ಅಲ್ಲೂ ಇಲ್ಲದಿದ್ದರೆ ವಾಪಸ್ ಬಂದ ಪತ್ರ ಹುಡುಕಿ. ಅದು ಕಳಿಸುವವರ ವಿಳಾಸಕ್ಕೆ ಬರುತ್ತದೆ. ಎಷ್ಟೋ ಮಷೀನುಗಳಲ್ಲಿ ಸ್ಕ್ಯಾನರ್ ಅಂತಲೋ ನೋರಿಪ್ಲೈ ಅಂತಲೋ ಇಲ್ಲದ ವಿಳಾಸ ತುಂಬಿಸಿರುತ್ತಾರೆ. ತಿರಸ್ಕಾರದ ಕಾರಣ ಬರೆದ ಪತ್ರ ಬಂದರೂ ಓದುವವರೇ ಇಲ್ಲ. ಆ ಜಾಗಕ್ಕೆ ನಿಜವಾಗಿ ಯಾರಾದರೂ ತೆರೆದು ನೋಡುವ ಡಬ್ಬಿಯ ವಿಳಾಸ ಹಾಕಿ. ಅರ್ಧ ಪತ್ತೇದಾರಿ ಕೆಲಸ ಅಲ್ಲೇ ಉಳಿತಾಯವಾಗುತ್ತದೆ.

ಹಳೆಯ ಮಷೀನು, ಮತ್ತು ಆ ಆಡಿಟರ್ ಆಫೀಸು

ಸಂಪರ್ಕ ಆಗುತ್ತದೆ, ಪಾಸ್‌ವರ್ಡ್ ಕೇಳುವ ಮೊದಲೇ ಕಡಿದುಹೋಗುತ್ತದೆ, ಲಾಗ್ ಪಟ್ಟಿಯಲ್ಲಿ ಟಿಎಲ್‌ಎಸ್ (ಮಾತನ್ನು ಗುಪ್ತವಾಗಿಡುವ ಪದ್ಧತಿ) ಅಥವಾ ಸರ್ಟಿಫಿಕೇಟ್ (ಸರ್ವರಿನ ಗುರುತಿನ ಚೀಟಿ) ಎಂಬ ಪದ ಇದೆ. ಹಳೆಯ ಮಷೀನಾದರೆ ಅದಕ್ಕೆ ಟಿಎಲ್‌ಎಸ್ 1.0 ಮಾತ್ರ ಗೊತ್ತಿರಬಹುದು. 1.0 ಮತ್ತು 1.1 ಎರಡನ್ನೂ 2021ರಲ್ಲಿ ಅಧಿಕೃತವಾಗಿ ಕೈಬಿಡಲಾಯಿತು, ಮೈಕ್ರೋಸಾಫ್ಟ್ 365 ಕನಿಷ್ಠ 1.2 ಕೇಳುತ್ತದೆ. ಫರ್ಮ್‌ವೇರ್ (ಮಷೀನಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಆಫೀಸಿನ ಒಂದು ಲಿನಕ್ಸ್ ಕಂಪ್ಯೂಟರಿನಲ್ಲೋ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೋ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಹಾಕಿ. ಮಷೀನು ಅದಕ್ಕೆ ಹಳೆಯ ಭಾಷೆಯಲ್ಲಿ ಹೇಳುತ್ತದೆ, ಅದು ಹೊರಗೆ ಹೊಸ ಭಾಷೆಯಲ್ಲಿ ಮಾತಾಡುತ್ತದೆ. ಆಫೀಸಿನ ಒಳಗಿನ ಐಪಿಗಳಿಗೆ ಮಾತ್ರ ಅದು ಬಾಗಿಲು ತೆರೆಯಬೇಕು, ಮರೆತರೆ ಊರ ಸ್ಪ್ಯಾಮೆಲ್ಲ ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ಇಷ್ಟು ರಗಳೆ ಬೇಡ ಎನ್ನುವವರಿಗೆ ಫೋಲ್ಡರಿಗೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಕಳಿಸುವುದೇ ವಾಸಿ.

ದಾವಣಗೆರೆಯ ಮಷೀನು ಅಷ್ಟು ಹಳೆಯದಾಗಿರಲಿಲ್ಲ. ರಿಪೋರ್ಟ್ ಪ್ರಿಂಟ್ ಮಾಡಿದೆ. ಸರ್ಟಿಫಿಕೇಟ್ ಪರಿಶೀಲನೆ ವಿಫಲ ಎಂದಿತ್ತು. ಕಾರಣ ಅದೇ ಹಾಳೆಯ ಮೇಲ್ತುದಿಯಲ್ಲಿ, ಯಾರೂ ಓದದ ಜಾಗದಲ್ಲಿತ್ತು: ತಾರೀಕು ಜನವರಿ 1, 2012.

ಶನಿವಾರ, ಭಾನುವಾರ ಕರೆಂಟ್ ಹೋಗಿತ್ತಂತೆ. ಮಷೀನಿನ ಒಳಗೆ ಗಡಿಯಾರ ಓಡಿಸುವ ಸಣ್ಣ ಸೆಲ್ಲು ಸತ್ತಿತ್ತು. ಕರೆಂಟ್ ಬಂದಾಗ ಅದು 2012ರಲ್ಲಿ ಕಣ್ಣು ಬಿಟ್ಟಿತ್ತು. ಜಿಮೇಲ್ ತೋರಿಸಿದ ಸರ್ಟಿಫಿಕೇಟು ಈ ವರ್ಷದ್ದು. ಇನ್ನೂ ಹುಟ್ಟದ ಸರ್ಟಿಫಿಕೇಟನ್ನು ನಂಬುವುದು ಹೇಗೆ ಎಂದು ಮಷೀನು ಬಾಗಿಲಿನಿಂದಲೇ ವಾಪಸ್ ಬರುತ್ತಿತ್ತು. ಪಾಸ್‌ವರ್ಡ್ ಹೇಳುವ ಸರದಿಯೇ ಬಂದಿರಲಿಲ್ಲ.

ತಾರೀಕು ಸರಿಮಾಡಿ ಕಳಿಸಿದೆ. ಈಗ ಬಂತು 535 5.7.8. ಮೇಡಂ ಮುಖ ಸಪ್ಪಗಾಯಿತು. ನನಗೆ ಖುಷಿ, ಯಾಕೆಂದರೆ ಮಷೀನು ಮೊದಲ ಬಾಗಿಲು ದಾಟಿ ಎರಡನೆಯದಕ್ಕೆ ಬಂದಿತ್ತು. ಹೊಸ ಆ್ಯಪ್ ಪಾಸ್‌ವರ್ಡ್ ಮಾಡಿಸಿ ಹಾಕಿದೆವು. ಒಂದು ಹಾಳೆ ಇಟ್ಟು ಅವರದೇ ವಿಳಾಸಕ್ಕೆ ಕಳಿಸಿದೆವು. ಟೇಬಲ್ ಮೇಲಿದ್ದ ಫೋನು ಟಿಂಗ್ ಎಂದಿತು.

ಸೆಲ್ಲು ತರಿಸಿ ಹಾಕುವವರೆಗೆ ಆಗಾಗ ಕರೆಂಟ್ ಹೋಗುತ್ತದಲ್ಲ, ಅದಕ್ಕೆ ಸಮಯವನ್ನು ಇಂಟರ್ನೆಟ್‌ನಿಂದ ತಾನೇ ಸರಿಮಾಡಿಕೊಳ್ಳುವ ಎಸ್‌ಎನ್‌ಟಿಪಿ ಸೆಟ್ಟಿಂಗ್ ಆನ್ ಮಾಡಿದೆ. ಮಷೀನಿನ ಮುಂಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿದೆ: ಸರ್ವರ್ ಹೆಸರು, 587, ಸ್ಟಾರ್ಟ್‌ಟಿಎಲ್‌ಎಸ್, ಯಾವ ಖಾತೆ, ಆ್ಯಪ್ ಪಾಸ್‌ವರ್ಡ್ ಮಾಡಿದ ದಿನ. ಪಾಸ್‌ವರ್ಡ್ ಮಾತ್ರ ಬರೆಯಲಿಲ್ಲ. ಕೆಳಗೆ ಮೇಡಂ ತಾವೇ ಕೆಂಪು ಪೆನ್ನಿನಲ್ಲಿ ಸೇರಿಸಿದರು: ಜಿಮೇಲ್ ಪಾಸ್‌ವರ್ಡ್ ಯಾರೂ ಬದಲಾಯಿಸಬಾರದು, ಮೊದಲು ತಾರೀಕು ನೋಡಿ.